ಬರ್ನ್‌ನಲ್ಲಿ ಯಾರೂ ಮಾತಾಡಿಸಲ್ಲ ಅಂದಿರಲ್ಲ, ಅದಕ್ಕೆ

ನಿಮ್ಮ ಪ್ರಶ್ನೆ ಓದಿದೆ. ಗಂಡನ ಕೆಲಸಕ್ಕೆ ಅಂತ ಸ್ವಿಟ್ಜರ್ಲೆಂಡಿನ ಬರ್ನ್‌ಗೆ ಬಂದಿದ್ದೀರಿ, ಲಿಫ್ಟಿನಲ್ಲಿ ಸಿಕ್ಕವರು "ಗ್ರುಯೆಸ್ಸೆಖ್" (ಇಲ್ಲಿನ ನಮಸ್ಕಾರ) ಅಂದು ಸುಮ್ಮನಾಗುತ್ತಾರೆ, ಇಲ್ಲಿನವರ ಜೊತೆ ಬೆರೆಯೋದು ಹೇಗೆ ಅಂತ ಕೇಳಿದ್ದೀರಿ. ಒಂಬತ್ತು ವರ್ಷದ ಮಗಳು ಫುಟ್‌ಬಾಲ್ ಕ್ಲಬ್ ಸೇರಬೇಕು ಅಂತ ಹಟ ಹಿಡಿದಿದ್ದಾಳೆ, ಹುಡುಗೀರು ಆಡೋದು ಇಲ್ಲಿ ಮಾಮೂಲಾ ಅಂತಲೂ ಕೇಳಿದ್ದೀರಿ. ನೀವು ಬೇರೆ ಬೇರೆ ಅಂದುಕೊಂಡಿರೋ ಈ ಎರಡು ಪ್ರಶ್ನೆಗೂ ಉತ್ತರ ಒಂದೇ. ಮಗಳನ್ನು ಕ್ಲಬ್‌ಗೆ ಸೇರಿಸಿ.

ನೀವು 2025ರ ಜುಲೈನಲ್ಲಿ ಇಲ್ಲಿ ಇರಬೇಕಿತ್ತು. ಹೆಂಗಸರ ಯುರೋ ಕಪ್ ಸ್ವಿಟ್ಜರ್ಲೆಂಡ್‌ನಲ್ಲೇ ನಡೆಯಿತು. 16 ದೇಶ, ಎಂಟು ಊರು. ಬಾಸೆಲ್, ಜ್ಯೂರಿಕ್‌ನಂಥ ದೊಡ್ಡ ಊರುಗಳ ಜೊತೆ ಥೂನ್, ಸಿಯೋನ್‌ನಂಥ ಚಿಕ್ಕ ಊರುಗಳಲ್ಲೂ ಪಂದ್ಯ ಇತ್ತು. ಟಿಕೆಟ್ 25 ಫ್ರಾಂಕಿನಿಂದ ಶುರು, ಮೇಲಾಗಿ ಆ ಟಿಕೆಟ್ ತೋರಿಸಿದರೆ ಪಂದ್ಯದ ದಿನ ರೈಲು, ಟ್ರಾಮು, ಬಸ್ಸು ಎಲ್ಲ ಫ್ರೀ. ಇಲ್ಲಿ ರೈಲಿನ ರೇಟು ನಿಮಗೆ ಈಗಾಗಲೇ ಗೊತ್ತಾಗಿರಬೇಕು, ಹಾಗಾಗಿ ಅದೆಷ್ಟು ದೊಡ್ಡ ಕೊಡುಗೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಿಸ್ ತಂಡ ಮೊದಲ ಪಂದ್ಯ ನಾರ್ವೆಗೆ 1-2ರಿಂದ ಸೋತಿತು. ಮುಗೀತು ಅಂದುಕೊಂಡರು ಜನ. ಆಮೇಲೆ ಇಲ್ಲೇ ಬರ್ನ್‌ನ ವಾಂಕ್‌ಡಾರ್ಫ್ ಸ್ಟೇಡಿಯಂನಲ್ಲಿ ಐಸ್‌ಲ್ಯಾಂಡನ್ನು 2-0ಯಿಂದ ಸೋಲಿಸಿದರು. ಜಿನೀವಾದಲ್ಲಿ ಫಿನ್‌ಲ್ಯಾಂಡ್ ಎದುರು ಡ್ರಾ ಆದರೂ ಮುಂದಿನ ಸುತ್ತಿಗೆ ಸಾಕಿತ್ತು, ಆದರೆ ಕೊನೆ ಹತ್ತು ನಿಮಿಷ ಇರುವಾಗ ಫಿನ್‌ಲ್ಯಾಂಡ್ ಪೆನಾಲ್ಟಿ ಹೊಡೆದು ಮುಂದೆ ಹೋಯಿತು. 90 ನಿಮಿಷ ಮುಗಿದ ಮೇಲೆ ಸ್ವಿಸ್ ತಂಡದ ರಿಯೋಲಾ ಜೆಮೈಲಿ ಗೋಲು ಹೊಡೆದು 1-1 ಮಾಡಿದಳು ನೋಡಿ! ನಮ್ಮ ಬಿಲ್ಡಿಂಗಿನಲ್ಲಿ ರಾತ್ರಿ ಹತ್ತಾದ ಮೇಲೆ ಫ್ಲಷ್ ಮಾಡಬೇಡಿ ಅಂತ ಚೀಟಿ ಅಂಟಿಸುವ ಮಹಾನುಭಾವರೊಬ್ಬರಿದ್ದಾರೆ, ಅವತ್ತು ಅವರ ಮನೆಯಿಂದಲೇ ಕಿರುಚಾಟ ಕೇಳಿಸಿತು. ಸ್ವಿಸ್ ಹೆಂಗಸರ ತಂಡ ಯುರೋದಲ್ಲಿ ಕ್ವಾರ್ಟರ್ ಫೈನಲ್ ಮುಟ್ಟಿದ್ದು ಅದೇ ಮೊದಲು.

ಆ ಕ್ವಾರ್ಟರ್ ಫೈನಲ್ ಬರ್ನ್‌ನಲ್ಲೇ, ಸ್ಪೇನ್ ಎದುರು. ಅವತ್ತು ಊರಿನೊಳಗಿಂದ ಸ್ಟೇಡಿಯಂ ತನಕ ಜನ ಮೆರವಣಿಗೆ ಹೋದರು, 14 ಸಾವಿರಕ್ಕೂ ಜಾಸ್ತಿ. ನಮ್ಮೂರ ತೇರಿನ ದಿನ ಹೇಗಿರುತ್ತೋ ಹಾಗೆ, ಅಜ್ಜಿಯಂದಿರು, ಕೈಗೂಸು, ಕೆಂಪು ಜೆರ್ಸಿ ಹಾಕಿದ ಗಂಡು ಹುಡುಗರು, ಎಲ್ಲರೂ "ಹೊಪ್ ಶ್ವಿಟ್ಸ್" (ನುಗ್ಗು ಸ್ವಿಟ್ಜರ್ಲೆಂಡ್) ಅಂತ ಕೂಗ್ತಾ. ಆ ಹುಡುಗರ ಬೆನ್ನ ಮೇಲೆ ಕ್ಯಾಪ್ಟನ್ ಲಿಯಾ ವೆಲ್ಟಿ ಹೆಸರು. ಹೆಂಗಸರಿಗೆ ದೇಶದ ಮಟ್ಟದಲ್ಲಿ ವೋಟು ಸಿಕ್ಕಿದ್ದೇ 1971ರಲ್ಲಿ ಅನ್ನೋ ದೇಶ ಇದು, ಗೊತ್ತಲ್ವಾ? ಪಂದ್ಯ 0-2ರಿಂದ ಸೋತರು. ಸ್ಪೇನ್ ಎರಡು ಪೆನಾಲ್ಟಿ ಕಳೆದುಕೊಂಡಿತು, ಅದರಲ್ಲಿ ಒಂದನ್ನು ಗೋಲ್‌ಕೀಪರ್ ಲಿವಿಯಾ ಪೆಂಗ್ ತಡೆದಳು. ಮುಗಿದ ಮೇಲೆ ಸ್ಪೇನ್ ಆಟಗಾರ್ತಿಯರು ಎರಡು ಸಾಲಾಗಿ ನಿಂತು ಸ್ವಿಸ್ ಹುಡುಗಿಯರಿಗೆ ಚಪ್ಪಾಳೆ ತಟ್ಟಿ ದಾರಿ ಬಿಟ್ಟರು. ಕಪ್ ಇಂಗ್ಲೆಂಡ್‌ಗೆ ಹೋಯಿತು, ಬಾಸೆಲ್‌ನಲ್ಲಿ ಸ್ಪೇನನ್ನೇ ಪೆನಾಲ್ಟಿಯಲ್ಲಿ ಸೋಲಿಸಿ. ಅದಿರಲಿ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇಲ್ಲಿನವರು ಲಿಫ್ಟಿನಲ್ಲಿ ಮಾತಾಡಲ್ಲ, ಟ್ರಾಮಿನಲ್ಲಿ ಮಾತಾಡಲ್ಲ. ಮಾತಾಡಲು ಅವರಿಗೊಂದು ಕಾರಣ ಬೇಕು, ಮಾಡಲು ಒಂದು ಕೆಲಸ ಬೇಕು. ಅದು ಇರೋದು ಫೆರೈನ್‌ನಲ್ಲಿ. ಹಾಡೋದಕ್ಕೊಂದು, ಬೆಟ್ಟ ಹತ್ತೋದಕ್ಕೊಂದು, ಫುಟ್‌ಬಾಲಿಗೊಂದು ಅಂತ ಪ್ರತಿ ಬಡಾವಣೆಯಲ್ಲೂ ಇಂಥ ಸಂಘ ಇರುತ್ತೆ. ಮಗುವನ್ನು ಬಿಟ್ಟು ಮನೆಗೆ ಹೋಗೋ ಟ್ಯೂಷನ್ ಅಂದುಕೊಳ್ಳಬೇಡಿ. ಕೋಚ್ ಅಂದರೆ ಯಾವುದೋ ಮಗುವಿನ ಅಪ್ಪನೋ ಅಮ್ಮನೋ. ಪಂದ್ಯದ ದಿನ ಇನ್ನೊಂದೂರಿಗೆ ಮಕ್ಕಳನ್ನು ಯಾರ ಕಾರಲ್ಲಿ ಕರೆದೊಯ್ಯೋದು, ಕೇಕ್ ಯಾರು ತರೋದು, ಜೆರ್ಸಿಗಳ ಮೂಟೆ ಈ ವಾರ ಯಾರ ಮನೆಯಲ್ಲಿ ಒಗೆಯೋದು ಅಂತ ಪಟ್ಟಿ ಬರುತ್ತೆ. ಅದರಲ್ಲಿ ನಿಮ್ಮ ಹೆಸರು ಬರೆಯಿರಿ. ಜೆರ್ಸಿ ಒಗೆಯೋ ಸರದಿಯಿಂದ ಶುರು ಮಾಡಿ, ಅದಕ್ಕೆ ಭಾಷೆ ಬೇಕಾಗಿಲ್ಲ, ಭಾನುವಾರ ಒಗೆಯಬೇಡಿ ಅಷ್ಟೆ, ಅವತ್ತು ಸದ್ದು ಮಾಡಿದರೆ ಇಲ್ಲಿನವರಿಗೆ ಆಗಲ್ಲ. ನನಗೆ ಇವತ್ತು ಇಲ್ಲಿ ಮನೆ ಬೀಗದ ಕೈ ಕೊಟ್ಟು ಊರಿಗೆ ಹೋಗುವಷ್ಟು ಹತ್ತಿರದ ಮೂವರು ಗೆಳತಿಯರಿದ್ದಾರೆ. ಮೂವರೂ ಮೈದಾನದ ಪಕ್ಕದ ಬೆಂಚಿನ ಮೇಲೆ, ಚಳಿಯಲ್ಲಿ ನಡುಗುತ್ತಾ ಸಿಕ್ಕವರೇ.

ಮಗಳ ಬಣ್ಣ, ಹೆಸರು ಅಂತ ಏನಾದರೂ ಆಗುತ್ತಾ ಅಂತಲೂ ಮೆಲ್ಲಗೆ ಕೇಳಿದ್ದೀರಿ. ಏನೂ ಆಗಲ್ಲ ಅಂತ ಸುಳ್ಳು ಹೇಳಲ್ಲ. ಹೆಸರು ತಪ್ಪಾಗಿ ಕೂಗ್ತಾರೆ, ಒಂದೊಂದು ಸಲ ಬೇಕಂತಲೇ. ಆದರೆ ಜಿನೀವಾದಲ್ಲಿ ಮಾನ ಉಳಿಸಿದ ಜೆಮೈಲಿ ಅಲ್ಬೇನಿಯನ್ ಮೂಲದ ಮನೆಯವಳು. ಆ ಹೆಸರನ್ನು ಈಗ ಎಲ್ಲರೂ ಸರಿಯಾಗೇ ಹೇಳ್ತಾರೆ.

ಇನ್ನು ಕೆಲಸದ ಮಾತು. ಹುಡುಗಿಯರ ತಂಡಗಳಲ್ಲಿ ಎಷ್ಟೋ ಕಡೆ ವೇಟಿಂಗ್ ಲಿಸ್ಟ್ ಇರುತ್ತೆ, ಹಾಗಾಗಿ ಎರಡು ಮೂರು ಕ್ಲಬ್‌ಗೆ ಒಟ್ಟಿಗೇ ಇಮೇಲ್ ಹಾಕಿ. "ಟ್ರಯಲ್ ಟ್ರೇನಿಂಗ್ ಇದೆಯಾ" ಅಂತ ಕೇಳಿ, ಸಾಮಾನ್ಯವಾಗಿ ಒಂದೆರಡು ಸಲ ಸುಮ್ನೆ ಬಂದು ಆಡೋದಕ್ಕೆ ಬಿಡ್ತಾರೆ. ಸ್ಟಡ್ಸ್ ಶೂ ಹೊಸದು ತೆಗೆದುಕೊಳ್ಳಬೇಡಿ, ಆರು ತಿಂಗಳಿಗೆ ಕಾಲು ಹಿಡಿಸಲ್ಲ, ಬ್ರೋಕಿಯಲ್ಲಿ (ಸೆಕೆಂಡ್ ಹ್ಯಾಂಡ್ ಅಂಗಡಿ) ಅರ್ಧಕ್ಕಿಂತ ಕಮ್ಮಿಗೆ ಸಿಗುತ್ತೆ. ಇಮೇಲ್ ಜರ್ಮನ್‌ನಲ್ಲಿ ಬರೆಯೋದಕ್ಕೆ ಕಷ್ಟ ಆದರೆ ನನಗೆ ಕಳಿಸಿ, ತಿದ್ದಿ ಕೊಡ್ತೀನಿ.