ಡೆಸ್ಕ್‌ಟಾಪ್ ಬಿಸಿ ಇಳಿಸಲು ಫ್ಯಾನ್ ಕೊಳ್ಳಬೇಕೇ, ಕೂಲರ್ ಕೊಳ್ಳಬೇಕೇ?

ಗೇಮ್ ಆಡುವಾಗ ನಿಮ್ಮ 65 ವ್ಯಾಟ್‌ನ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತದೆ ಎಂದಿದ್ದೀರಿ. ಬಿಡಿಭಾಗ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಗೇಮನ್ನು ಇಪ್ಪತ್ತು ನಿಮಿಷ ಆಡಿ ನೋಡಿ. ಬಿಸಿ ಚೆನ್ನಾಗಿ ಇಳಿದರೆ ಕೊರತೆ ಇರುವುದು ಗಾಳಿಯ ಓಡಾಟದಲ್ಲಿ, ಕ್ಯಾಬಿನೆಟ್‌ಗೆ ಫ್ಯಾನ್ ಸಾಕು. ಇಳಿಯದಿದ್ದರೆ ಪ್ರೊಸೆಸರ್ ಮೇಲೆ ಕೂತು ಅದರ ಬಿಸಿ ಹೀರುವ ಕೂಲರಿನ ಮೇಲೆ ಅನುಮಾನಪಡಿ, ಅದಕ್ಕೂ ಮೊದಲು ಅವೆರಡರ ನಡುವೆ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆಯೇ ಎಂದು.

ಕ್ಯಾಬಿನೆಟ್‌ನ ಮುಂಭಾಗದ ಎರಡು ಫ್ಯಾನ್ ಗಾಳಿಯನ್ನು ಒಳಗೆಳೆಯಲಿ, ಹಿಂದಿನ ಒಂದು ಹೊರಗೆ ತಳ್ಳಲಿ. 140 ಮಿ.ಮೀ. ಹಿಡಿಸುವುದಾದರೆ 120ರ ಬದಲು ಅದನ್ನೇ ಕೊಳ್ಳಿ. ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ಕೊಡುತ್ತದೆ, ಸದ್ದು ಕಡಿಮೆ. ವೇಗವನ್ನು ಮದರ್‌ಬೋರ್ಡೇ ಹೊಂದಿಸಿಕೊಳ್ಳಲು ನಾಲ್ಕು ಪಿನ್ನಿನದು ಒಳ್ಳೆಯದು. ಸಾಮಾನ್ಯವಾಗಿ ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ. ಇದು ತಿಳಿಯದೆ ನಾನು ಒಂದು ಬೇಸಿಗೆಯಿಡೀ ಹಿಂದಿನ ಫ್ಯಾನನ್ನು ತಿರುಗಾಮುರುಗಾ ಕೂರಿಸಿದ್ದೆ!

65 ವ್ಯಾಟ್‌ಗೆ 120 ಮಿ.ಮೀ. ಫ್ಯಾನಿನ ಒಂಟಿ ಟವರ್ ಕೂಲರ್ (ಲೋಹದ ಪಟ್ಟಿಗಳ ಒಂದೇ ಗೋಪುರ ಇರುವಂಥದ್ದು) ಧಾರಾಳ; ನೀರಿನ ಕೂಲರ್ ದುಂದು. ಟವರ್ ಕೂಲರಿನ ಎತ್ತರ ಕ್ಯಾಬಿನೆಟ್‌ಗೆ, ಕ್ಲಿಪ್ಪು ನಿಮ್ಮ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್‌ಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಅಂದಹಾಗೆ, ಏಪ್ರಿಲ್‌ನಲ್ಲಿ ಕೋಣೆಯೇ 34 ಡಿಗ್ರಿ ಇದ್ದರೆ ಗಾಳಿಯ ಯಾವ ಕೂಲರೂ ಅದಕ್ಕಿಂತ ಕೆಳಗೆ ಇಳಿಸಲಾರದು.