ಕವಾಮ್ ಬರುವುದು ನಾಲ್ಕನೆಯ ಪುಟಕ್ಕೆ

ನಮಸ್ಕಾರ.

ಇರಾನಿನಲ್ಲಿ ಐದು ಬಾರಿ ಪ್ರಧಾನಿಯಾಗಿದ್ದ ಅಹ್ಮದ್ ಕವಾಮ್ ಕುರಿತು ನೀವು ಕಳುಹಿಸಿದ ಹದಿನಾಲ್ಕು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಇರಾನಿನ ತೈಲವನ್ನು ರಾಷ್ಟ್ರೀಕರಿಸಿದ ಪ್ರಧಾನಿ ಮೊಸದ್ದೆಗ್ ಹೆಸರು ಕೇಳಿರುವ ನಮ್ಮ ಓದುಗರಲ್ಲಿ ಬಹಳ ಮಂದಿಗೆ ಕವಾಮ್ ಹೊಸಬ. ವಿಷಯ ಹುಡುಕುವ ಕಣ್ಣು ನಿಮಗಿದೆ.

ಮೊದಲ ಮೂರು ಪುಟ ವಂಶಾವಳಿ. ನಡುವೆ ‘ಅಸ್ತಮಿಸುತ್ತಿದ್ದ ಅರಸೊತ್ತಿಗೆಯ ಕೊನೆಯ ಕಿರಣ’. ಕವಾಮ್ ಬರುವುದು ನಾಲ್ಕನೆಯ ಪುಟಕ್ಕೆ. ಓದುಗ ಅಷ್ಟರಲ್ಲಿ ಎದ್ದು ಹೋಗಿರುತ್ತಾನೆ. 1906ರಲ್ಲಿ ಮುಜಫರುದ್ದೀನ್ ಷಾ ಸಂವಿಧಾನಕ್ಕೆ ಒಪ್ಪಿ ಹೊರಡಿಸಿದ ಫರ್ಮಾನನ್ನು ಬರೆದದ್ದು ಕವಾಮನ ಕೈ ಎನ್ನುತ್ತಾರೆ. ಆಗ ಆತ ಆಸ್ಥಾನದಲ್ಲಿ ಕಾಗದಪತ್ರ ಬರೆಯುವ ಕಾರ್ಯದರ್ಶಿ, ಬರವಣಿಗೆ ಮುತ್ತು ಪೋಣಿಸಿದಂತೆ. ದೊರೆಯ ಅಧಿಕಾರಕ್ಕೆ ಬೇಲಿ ಹಾಕುವ ಕಾಗದವನ್ನು ದೊರೆಯ ನೌಕರನೇ ಅಂದವಾಗಿ ಬರೆದುಕೊಡುತ್ತಾನೆ! ಇದನ್ನು ನೀವು ಒಂಬತ್ತನೆಯ ಪುಟದ ಅಡಿಟಿಪ್ಪಣಿಗೆ ತಳ್ಳಿದ್ದೀರಿ, ಅದೂ ‘ರಾಜಾಜ್ಞಾಪತ್ರ’ ಎಂದು. ಫರ್ಮಾನು, ದಿವಾನ, ದಫ್ತರ ಎಲ್ಲವೂ ಪಾರಸಿಯಿಂದ ಕನ್ನಡಕ್ಕೆ ಬಂದು ಎಷ್ಟೋ ಕಾಲವಾಯಿತು. ಇರಾನಿನ ಕಥೆ ಹೇಳುವಾಗಲೇ ಅವನ್ನು ಹೊರಗಟ್ಟಬೇಕೆ?

ಒಂದು ತಪ್ಪನ್ನಂತೂ ಮನ್ನಿಸಲಾರೆ. ಇರಾನಿನ ಸೇನೆ, ಹಣಕಾಸುಗಳನ್ನು ಬ್ರಿಟಿಷ್ ಸಲಹೆಗಾರರ ಕೈಗೊಪ್ಪಿಸುವ 1919ರ ಒಪ್ಪಂದ ಮಾಡಿಕೊಂಡದ್ದು ಕವಾಮನಲ್ಲ, ಅವನ ಅಣ್ಣ ವುಸೂಕ್ ಉದ್ ದೌಲಾ. ಬಿರುದುಗಳೇ ಹೆಸರಾಗಿದ್ದ ಕಾಲ ಅದು, ಗೊಂದಲವಾಗುವುದು ಸಹಜ. ಆದರೂ ಅಣ್ಣನ ಪಾಪವನ್ನು ತಮ್ಮನ ತಲೆಗೆ ಕಟ್ಟಿ, ಅದರ ಮೇಲೆ ಒಂದು ಪುಟ ನೀತಿ ಹೇಳಿದ್ದೀರಿ.

1921ರ ಭಾಗ ಚೆನ್ನಾಗಿದೆ. ಖೊರಾಸಾನ್ ಪ್ರಾಂತದ ಗವರ್ನರ್ ಆಗಿದ್ದ ಕವಾಮನನ್ನು ಮಶ್ಹದ್‌ನಲ್ಲಿ ಹಿಡಿದು ಟೆಹರಾನಿನ ಸೆರೆಗೆ ತರುತ್ತಾರೆ; ಅವನು ಕೆಲವೇ ವಾರಗಳಲ್ಲಿ ಆ ಸೆರೆಯಿಂದ ಹೊರಬಂದು ಪ್ರಧಾನಿಯಾಗುತ್ತಾನೆ. ವಿಶೇಷಣವಿಲ್ಲದೆ ಬರೆದಿದ್ದೀರಿ. ನಿಮ್ಮಿಂದ ಆಗುತ್ತದೆ ಎಂದು ನನಗೆ ಗೊತ್ತಾದದ್ದು ಇಲ್ಲೇ. ಆ ಸಂಪುಟದ ಹಣಕಾಸು ಮಂತ್ರಿ ಮೊಸದ್ದೆಗ್ ಎಂಬುದನ್ನು ಮಾತ್ರ ಸೇರಿಸಿ, ಮುಂದೆ ಬೇಕಾಗುತ್ತದೆ.

1946ಕ್ಕೆ ಬಂದಾಗ ‘ಪರ್ಷಿಯಾದ ಚಾಣಕ್ಯ’ ಎಂದು ಬರೆದು ದಾಟಿಬಿಟ್ಟಿದ್ದೀರಿ. ಚಾಣಕ್ಯನನ್ನು ಕರೆಸಿದರೆ ಕವಾಮ್ ಮಾಡಿದ್ದೇನು ಎಂದು ತಿಳಿಯುವುದಿಲ್ಲ. ಯುದ್ಧ ಮುಗಿದರೂ ಸೋವಿಯತ್ ಸೇನೆ ಉತ್ತರ ಇರಾನ್ ಬಿಟ್ಟಿರಲಿಲ್ಲ. ಕವಾಮ್ ಮಾಸ್ಕೋಗೆ ಹೋಗಿ ಸ್ಟಾಲಿನ್‌ನನ್ನು ಕಂಡು ಬಂದ. ಏಪ್ರಿಲ್‌ನಲ್ಲಿ ಜಂಟಿ ತೈಲ ಕಂಪನಿಗೆ ಒಪ್ಪಿದ, ಅದರಲ್ಲಿ ಸೋವಿಯತ್ ಪಾಲು ಶೇ. 51. ಆದರೆ ಕರಾರಿಗೆ ಸಂಸತ್ತು, ಅಂದರೆ ಮಜ್ಲಿಸ್, ಒಪ್ಪಬೇಕು. ಮಜ್ಲಿಸ್‌ಗೆ ಚುನಾವಣೆ ಆಗಬೇಕು. ವಿದೇಶಿ ಸೈನಿಕರು ನೆಲದ ಮೇಲಿರುವಾಗ ಚುನಾವಣೆ ನಡೆಸುವಂತಿಲ್ಲ. ಮೇ ತಿಂಗಳಲ್ಲಿ ಸೈನ್ಯ ಹೊರಟಿತು. 1947ರ ಅಕ್ಟೋಬರ್‌ನಲ್ಲಿ ಮಜ್ಲಿಸ್ 102ಕ್ಕೆ 2 ಮತಗಳಿಂದ ಆ ಕರಾರನ್ನು ತಳ್ಳಿಹಾಕಿತು. ಅಮೆರಿಕದ ಒತ್ತಡ, ಭದ್ರತಾ ಮಂಡಳಿಯಲ್ಲಿ ಇರಾನಿನ ದೂರು ಇವೂ ಕೆಲಸ ಮಾಡಿವೆ, ಎಲ್ಲ ಶ್ರೇಯಸ್ಸನ್ನೂ ಅವನಿಗೇ ಕಟ್ಟಬೇಡಿ. ಆದರೆ ಈ ಗಂಟುಗಳನ್ನು ಓದುಗನ ಕಣ್ಣೆದುರೇ ಒಂದೊಂದಾಗಿ ಹಾಕಿ. ನೀವು ನಾಲ್ಕು ಸಾಲು ಕೊಟ್ಟಿದ್ದೀರಿ, ನಾಲ್ಕು ಪುಟ ಕೊಡಿ.

ಸಂವಿಧಾನ ತಿದ್ದಿ ಅಧಿಕಾರ ಹೆಚ್ಚಿಸಿಕೊಂಡ ಮೊಹಮ್ಮದ್ ರೆಜಾ ಷಾನಿಗೆ 1950ರಲ್ಲಿ ಕವಾಮ್ ಆಕ್ಷೇಪದ ಪತ್ರ ಬರೆದು, ಷಾ ಕೊಟ್ಟಿದ್ದ ಬಿರುದನ್ನೇ ಕಳೆದುಕೊಂಡ. 1906ರ ಅದೇ ಕೈ! ನಿಮ್ಮ ಲೇಖನದ ದಾರ ಇದು. ನೀವು ಮಣಿಗಳನ್ನು ಮಾತ್ರ ಕಳುಹಿಸಿದ್ದೀರಿ.

ಹಾಗೆಂದು ಅವನನ್ನು ಪೂಜಿಸಲೂ ಬೇಡಿ. 1952ರ ಜುಲೈನಲ್ಲಿ ಮೊಸದ್ದೆಗ್ ರಾಜೀನಾಮೆ ಕೊಟ್ಟಾಗ, ಅದೇ ಷಾನಿಂದ ಪ್ರಧಾನಿ ಹುದ್ದೆ ಪಡೆದವನೂ ಇವನೇ. ಎಪ್ಪತ್ತು ದಾಟಿದ ಆ ಮುದುಕ, ಹಡಗು ನಡೆಸುವ ನಾವಿಕನ ನೀತಿ ಈಗ ಬೇರೆ, ಅಂದರೆ ಆಡಳಿತದ ದಾರಿ ಬದಲಾಯಿತು ಎಂಬರ್ಥದ ಹೇಳಿಕೆ ಹೊರಡಿಸಿ ಜನರನ್ನು ಬೆದರಿಸಿದ. ಜನ ಬೀದಿಗಿಳಿದರು, ಗುಂಡು ಹಾರಿತು, ಹೆಣ ಬಿದ್ದವು. ಜುಲೈ 21ಕ್ಕೆ, ಅವರ ಪಂಚಾಂಗದ ತೀರ್ ತಿಂಗಳ 30ಕ್ಕೆ, ಕವಾಮ್ ಇಳಿದ. 1921ರಲ್ಲಿ ಅವನ ಹಣಕಾಸು ಮಂತ್ರಿಯಾಗಿದ್ದ ಮೊಸದ್ದೆಗ್ ಮತ್ತೆ ಪ್ರಧಾನಿಯಾದ. ಇದಕ್ಕೆ ನೀವು ಬಳಸಿದ್ದು ‘ಕೆಲ ಅಹಿತಕರ ಘಟನೆಗಳು’ ಎಂಬ ಪದಪುಂಜ. ಅದು ಪೊಲೀಸ್ ಪ್ರಕಟಣೆಯ ಭಾಷೆ.

ಕಡೆಯ ಪುಟದ ‘ಇತರ ಮಾಹಿತಿ’ ಪಟ್ಟಿಯಲ್ಲಿ, ಅವನ ಟೆಹರಾನಿನ ಮನೆ ಈಗ ಗಾಜು ಮತ್ತು ಪಿಂಗಾಣಿಯ ಮ್ಯೂಸಿಯಂ ಎಂದಿದ್ದೀರಿ. ಅದು ಇರುವ ಬೀದಿಗೆ ಮೊದಲು ಕವಾಮನದೇ ಹೆಸರಿತ್ತು. ಈಗ ಅದು ‘ತೀರ್ 30’ರ ಬೀದಿ.

ಪಟ್ಟಿಯನ್ನು ಅಳಿಸಿ, ಆ ಬೀದಿಯಿಂದಲೇ ಶುರು ಮಾಡಿ ಬರೆದು ಕಳುಹಿಸಿ. ದೀಪಾವಳಿ ವಿಶೇಷಾಂಕದ ಕೆಲಸ ಮುಗಿದ ಮೇಲೆ ಓದುತ್ತೇನೆ.