ಮಗ್ಗ ನಿಂತಾಗ ಎಚ್ಚರಾಗುವ ಕೂಸು

ರಬಕವಿ-ಬನಹಟ್ಟಿ ಕಡೆಯ ನೇಕಾರ ಮನೆತನದ ಸೊಸೆಯೊಬ್ಬಳು ಕೂಸಿನ ನಿದ್ದೆಯ ಬಗ್ಗೆ ಸಲಹೆ ಕೇಳಲು ಅತ್ತೆಯ ಜೊತೆ ಬಾಗಲಕೋಟೆಗೆ ನನ್ನ ಬಳಿ ಬಂದಾಗ, ಅವಳ ಮಡಿಲಲ್ಲಿದ್ದ ಏಳು ತಿಂಗಳ ಗಂಡುಕೂಸು ಬಸ್ಸಿನ ಕುಲುಕಾಟಕ್ಕೆ ಹತ್ತಿದ ನಿದ್ದೆಯಲ್ಲೇ ಇತ್ತು. ಗುರುತು ಸಿಗದಂತೆ ಕುಟುಂಬದ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. "ಈಗ ನೋಡ್ರಿ ಅಕ್ಕಾರ, ಹೆಂಗ ಮಲಗೇತಿ. ರಾತ್ರಿ ಆದ್ರ ತಾಸಿಗೊಮ್ಮೆ ಏಳತೈತಿ," ಎಂದಳು. ಅತ್ತೆ ಬೇಸರದಿಂದ, "ನಾವೂ ಐದು ಹಡದೇವ್ರಿ, ಒಂದೂ ಹಿಂಗ ಕಾಡಿಲ್ಲ," ಎಂದರು. ಸೊಸೆ ತಲೆ ತಗ್ಗಿಸಿದಳು.

ಬಾಣಂತನ ಮುಗಿಸಿ ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಬಂದ ಮೇಲೆ ಈ ತೊಂದರೆ ಹೆಚ್ಚಾಗಿತ್ತು. ಕೂಸಿನ ಕಿವಿ, ಗಂಟಲು, ತೂಕ ಎಲ್ಲವನ್ನೂ ಮಕ್ಕಳ ವೈದ್ಯರು ಪರೀಕ್ಷಿಸಿ ದೋಷವಿಲ್ಲವೆಂದು ಹೇಳಿದ್ದರು. ಮನೆಯವರು ದೃಷ್ಟಿ ತೆಗೆದಿದ್ದರು, ಲೋಬಾನ ಹಾಕಿದ್ದರು, ಜಾಜಿಕಾಯಿ ತೇಯ್ದು ನೆಕ್ಕಿಸಿದ್ದರು. ಎರಡು ಸಲ ನೆಗಡಿಯ ಸಿರಪ್ಪನ್ನೂ ಕುಡಿಸಿದ್ದರು. ದೃಷ್ಟಿ ತೆಗೆದದ್ದಕ್ಕೆ ನನ್ನ ತಕರಾರಿಲ್ಲ. ಅದರಿಂದ ಕೂಸಿಗೆ ಕೇಡಿಲ್ಲ, ಹಿರಿಯರಿಗೆ ಸಮಾಧಾನವುಂಟು. ಆದರೆ ಹೊಗೆ, ಜಾಜಿಕಾಯಿ, ಸಿರಪ್ಪು ಮೂರನ್ನೂ ಅಂದೇ ನಿಲ್ಲಿಸಲು ಹೇಳಿದೆ. ಜಾಜಿಕಾಯಿಯ ಪ್ರಮಾಣ ತುಸು ಹೆಚ್ಚಿದರೂ ಎಳೆಯ ಕೂಸಿಗೆ ಅದು ವಿಷವಾಗಬಲ್ಲದು. ಮಂಪರು ತರುವ ನೆಗಡಿಯ ಔಷಧಿಗಳು ಉಸಿರಾಟವನ್ನೇ ಕುಗ್ಗಿಸಬಲ್ಲವು.

ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ವಾರ ಕೂಸು ಮಲಗಿದ ಮತ್ತು ಎದ್ದ ಹೊತ್ತನ್ನು ಗುರುತಿಸಿಕೊಂಡು ಬರಲು ತಿಳಿಸಿದೆ. ಎರಡನೆಯ ಭೇಟಿಯಲ್ಲಿ ಆ ಹಾಳೆಯನ್ನು ಮೂವರೂ ಕೂಡಿ ನೋಡಿದೆವು. ಕೂಸು ಇಡೀ ದಿನದಲ್ಲಿ ಸುಮಾರು 13 ತಾಸು ಮಲಗುತ್ತಿತ್ತು. ನಾಲ್ಕರಿಂದ ಹನ್ನೊಂದು ತಿಂಗಳ ಕೂಸಿಗೆ ಹಗಲಿನದೂ ಸೇರಿ 12ರಿಂದ 16 ತಾಸಿನ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಅಂದರೆ ಕೂಸಿನ ನಿದ್ದೆಗೆ ಕೊರತೆಯಿರಲಿಲ್ಲ, ನಿದ್ದೆಯಿಲ್ಲದೆ ಸೊರಗಿದ್ದವಳು ತಾಯಿ. ಇದನ್ನು ಅತ್ತೆಯ ಎದುರಿಗೇ ಹೇಳಿದೆ, ಏಕೆಂದರೆ ಆ ಮಾತನ್ನು ಮುಖ್ಯವಾಗಿ ಅವರೇ ಕೇಳಬೇಕಿತ್ತು.

ಹಾಳೆಯಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಸಂಜೆ ಐದೂವರೆಗೆ ಮಗ್ಗದ ಕೋಣೆಯ ಪಕ್ಕದ ಜೋಳಿಗೆಯಲ್ಲಿ ಮಲಗಿದ ಕೂಸು ಏಳೂವರೆಯವರೆಗೆ ಏಳುತ್ತಿರಲಿಲ್ಲ. ರಾತ್ರಿ ಒಂಬತ್ತೂವರೆಗೆ ಮತ್ತೆ ಅದೇ ಸದ್ದಿನಲ್ಲಿ, ಅದೇ ತೂಗಾಟದಲ್ಲಿ ಕಣ್ಣು ಮುಚ್ಚುತ್ತಿತ್ತು. ಹತ್ತಕ್ಕೆ ಮಗ್ಗ ನಿಲ್ಲುತ್ತಿತ್ತು, ಕೂಸು ಏಳುತ್ತಿತ್ತು. ಕೂಸಿನ ನಿದ್ದೆಯ ಒಂದು ಸುತ್ತು ಸುಮಾರು 50 ನಿಮಿಷದ್ದು. ಸುತ್ತಿನ ಕೊನೆಯಲ್ಲಿ ಅರೆಎಚ್ಚರವಾದಾಗ, ನಿದ್ದೆ ಹತ್ತುವಾಗ ಏನಿತ್ತೋ ಅದು ಈಗಲೂ ಇದ್ದರೆ ಕೂಸು ತಾನಾಗಿ ಮತ್ತೆ ಮಲಗುತ್ತದೆ. ಇಲ್ಲದಿದ್ದರೆ ಅದನ್ನೇ ಬೇಡಿ ಅಳುತ್ತದೆ.

ಆದ್ದರಿಂದ ಸಂಜೆಯ ನಿದ್ದೆಯನ್ನು ಐದರೊಳಗೆ ಮುಗಿಸುವುದು, ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಆಡಿಸುವುದು, ಎಂಟರ ಸುಮಾರಿಗೆ ದೀಪ ತಗ್ಗಿಸಿ, ಮೈ ಒರೆಸಿ, ಹಾಲೂಡಿಸಿ, ಜೋಗುಳ ಹಾಡುವ ಕ್ರಮವನ್ನು ದಿನವೂ ತಪ್ಪಿಸದಿರುವುದು ಎಂದು ಗೊತ್ತುಮಾಡಿದೆವು. ಕಣ್ಣು ಕೂರುತ್ತಿರುವಾಗಲೇ, ಪೂರ್ತಿ ನಿದ್ದೆ ಹತ್ತುವ ಮುನ್ನ, ಮಗ್ಗದಿಂದ ದೂರದ ಕೋಣೆಯಲ್ಲಿ ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ದಿಂಬಿಲ್ಲದೆ ಅಂಗಾತ ಮಲಗಿಸಿ ಎದೆ ತಟ್ಟಬೇಕು. ಜೋಳಿಗೆ ರಮಿಸುವುದಕ್ಕಷ್ಟೇ ಇರಲಿ. ಹೊರಳುವ, ಏಳಲು ಹವಣಿಸುವ ಕೂಸನ್ನು ರಾತ್ರಿಯೆಲ್ಲ ಅದರಲ್ಲಿ ಬಿಡುವುದು ಅಪಾಯ. ಅಳುವ ಕೂಸನ್ನು ಒಂಟಿಯಾಗಿ ಬಿಟ್ಟು ಕಲಿಸುವ ಪದ್ಧತಿಯನ್ನು ನಾನು ಸೂಚಿಸಲಿಲ್ಲ. ಎಂಟು ಮಂದಿಯ ಆ ಮನೆಯಲ್ಲಿ ಅಳುವಿನ ಹೊಣೆ ಕೊನೆಗೆ ಸೊಸೆಯ ಮೇಲೆಯೇ ಬೀಳುತ್ತಿತ್ತು.

ಅತ್ತೆ ಹೊರಗೆ ಹೋದಾಗ ತಾಯಿ ಮೆಲ್ಲಗೆ, "ಮೊನ್ನೆ ಸಿಟ್ಟಿನಾಗ ಕೂಸಿನ್ನ ಧಪ್ಪಂತ ಹಾಸಗಿ ಮ್ಯಾಲ ಇಟ್ಟೆ," ಎಂದು ಅತ್ತಳು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವ ಎಡಿನ್‌ಬರ್ಗ್ ಮಾಪನದ ಹತ್ತು ಪ್ರಶ್ನೆಗಳನ್ನು ಕೇಳಿದೆ. ಅಂಕ ಹೆಚ್ಚಿದಷ್ಟೂ ಖಿನ್ನತೆಯ ಸೂಚನೆ ಹೆಚ್ಚು. ಅವಳ ಅಂಕ ಮೂವತ್ತಕ್ಕೆ ಹನ್ನೊಂದು, ತನ್ನ ಜೀವಕ್ಕೆ ಕೇಡು ಮಾಡಿಕೊಳ್ಳುವ ಯೋಚನೆ ಇಲ್ಲವೆಂದಳು. ಅಂಥ ಸಿಟ್ಟು ಬಂದಾಗ ಕೂಸನ್ನು ಹಾಸಿಗೆಯ ಮೇಲೆ ಜೋಪಾನವಾಗಿ ಮಲಗಿಸಿ ಐದು ನಿಮಿಷ ಅಂಗಳಕ್ಕೆ ಹೋಗಬಹುದೆಂದೂ, ಅದು ತಾಯ್ತನದ ತಪ್ಪಲ್ಲವೆಂದೂ, ಕೂಸನ್ನು ಎಂದಿಗೂ ಕುಲುಕಬಾರದೆಂದೂ ಹೇಳಿದೆ. ಹಗಲುರಾತ್ರಿ ನಡೆಯುವ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416ನ್ನು ಅವಳ ಮೊಬೈಲಿನಲ್ಲಿ ಬರೆಸಿದೆ.

ಮೂರನೆಯ ಭೇಟಿಗೆ ಗಂಡನನ್ನೂ ಕರೆಸಿ ರಾತ್ರಿಯನ್ನು ಹಂಚಿದೆವು. ಒಂಬತ್ತರಿಂದ ಒಂದರವರೆಗೆ ತಾಯಿ ಬೇರೆ ಕೋಣೆಯಲ್ಲಿ ಮಲಗುವುದು. ಹತ್ತರವರೆಗೆ ಅತ್ತೆ, ಮಗ್ಗ ನಿಂತ ಮೇಲೆ ಗಂಡ ಕೂಸನ್ನು ನೋಡಿಕೊಳ್ಳುವುದು. ಹಾಲಿಗೆ ಮಾತ್ರ ತಾಯಿಯನ್ನು ಎಬ್ಬಿಸುವುದು. ಗಂಡ ಮೊದಲು, "ನನ್ನ ಕೈಯಾಗ ಸುಮ್ಮನಿರಂಗಿಲ್ರಿ," ಎಂದ. ಹದಿನೈದು ದಿನ ಮಾಡಿ ನೋಡುವಂತೆ ಕೇಳಿಕೊಂಡೆ. ಬೆಳಗಿನ ಐದಕ್ಕೆ ಹೇಗೂ ಏಳುವ ಅತ್ತೆ, ಏಳರವರೆಗೆ ಕೂಸು ತಮ್ಮ ಬಳಿ ಇರಲೆಂದು ತಾವಾಗಿಯೇ ಹೇಳಿದರು.

ತಿಂಗಳ ನಂತರ ಬಂದಾಗ ಕೂಸು ರಾತ್ರಿ ಎರಡು ಸಲ ಏಳುತ್ತಿತ್ತು. ಹತ್ತು ಪ್ರಶ್ನೆಗಳ ಅಂಕ ಆರಕ್ಕೆ ಇಳಿದಿತ್ತು. ಈ ಸಲ ಗಂಡನೇ ಕ್ಯಾಲೆಂಡರಿನ ಹಾಳೆಯಲ್ಲಿ ಗುರುತು ಹಾಕಿ ತಂದಿದ್ದ.